ಸಂಶಯದ ಪೇರಲಹಣ್ಣು

ನನ್ನ ಮೇಜಿನ ಮೇಲೆ ಒಂದು ಪೇರಲಹಣ್ಣು ಇದೆ. ನಲವತ್ತು ವರ್ಷಕ್ಕೂ ಮೇಲಾಯಿತು, ಅದು ಅಲ್ಲೇ ಇದೆ. ಕೊಳೆತಿಲ್ಲ, ಬಾಡಿಲ್ಲ, ಅದರ ಮೇಲೆ ಒಂದು ನೊಣ ಕೂತದ್ದನ್ನೂ ನಾನು ಕಂಡಿಲ್ಲ. ಅದು ಗೋಕಾಕದ ಕಟ್ಟಿಗೆಯ ಹಣ್ಣು. ಗೋಕಾಕದ ಆಟಿಗೆಗಳನ್ನು ನೀವು ನೋಡಿರಬೇಕು. ಹಗುರ ಕಟ್ಟಿಗೆಯಲ್ಲಿ ಬಾಳೆಹಣ್ಣು, ಮಾವಿನಹಣ್ಣು, ಸೀತಾಫಲ ಕೆತ್ತಿ, ನುಣ್ಣಗೆ ಮಾಡಿ, ಬಣ್ಣ ಹಚ್ಚಿ ಇಟ್ಟರೆ ಗಿಳಿಯೂ ಮೋಸಹೋಗುತ್ತದೆ. ನನ್ನ ಮೇಜಿನ ಹಣ್ಣಿಗೆ ಇನ್ನೊಂದು ವಿಶೇಷವಿದೆ. ಅದನ್ನು ಯಾರೋ ಕಚ್ಚಿದ್ದಾರೆ. ಮುಂದಿನ ಎರಡು ಹಲ್ಲಿನ ಗುರುತು ಅದರ ಮೇಲೆ ಸ್ಪಷ್ಟವಾಗಿ ಮೂಡಿದೆ.

ಮೊನ್ನೆ ಮೊಮ್ಮಗಳು ಆ ಪೇರಲವನ್ನು ಚೆಂಡಿನಂತೆ ಮೇಲೆ ಹಾರಿಸುತ್ತ, ಹಿಡಿಯುತ್ತ ನನ್ನ ಎದುರು ಬಂದು ನಿಂತಳು. ಬಗಲಲ್ಲಿ ಇಂಗ್ಲಿಷ್ ಪುಸ್ತಕ. ಮರುದಿನ ಪರೀಕ್ಷೆ.

"ಅಜ್ಜಾ, ಡೌಟ್‌ಗೂ ಸಸ್ಪೆಕ್ಟ್‌ಗೂ ಏನ ಫರಕ? ಡಿಕ್ಷನರಿಯೊಳಗ ಎರಡಕ್ಕೂ ಸಂಶಯ ಪಡು ಅಂತನ ಐತಿ."

ಇಂಗ್ಲಿಷ್ ಕಲಿಸಿಯೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಇಂಥ ಪ್ರಶ್ನೆ ಕೇಳಿದರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಕನ್ನಡಕ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಇನ್ನೇನು ಶುರು ಮಾಡಬೇಕು, ಅಷ್ಟರಲ್ಲಿ ಜೋಕಾಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ನನ್ನ ಹೆಂಡತಿ ಕಸ್ತೂರಿ ಬಾಯಿ ಹಾಕಿದಳು.

"ಅದನ್ನ ಅವರನ್ನ ಮಾತ್ರ ಕೇಳಬ್ಯಾಡವಾ. ಆ ಫರಕ ಹೇಳಾಕ ಹೋಗಿನ ಅವರು ಕಟ್ಟಿಗಿ ತಿಂದಾರ."

ಹೌದು, ಆ ಹಲ್ಲಿನ ಗುರುತು ನನ್ನದೇ. ಆ ಹಲ್ಲುಗಳು ಈಗ ನನ್ನ ಬಾಯಲ್ಲಿಲ್ಲ. ಅವುಗಳ ಜಾಗಕ್ಕೆ ಬಂದವು ರಾತ್ರಿ ನೀರಿನ ಲೋಟದಲ್ಲಿ ಮಲಗುತ್ತವೆ. ಗುರುತು ಮಾತ್ರ ಉಳಿದಿದೆ. ಅದರ ಕತೆ ಹೇಳಬೇಕಾದರೆ ನಾನು ಎಂಥ ಜಾಣ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.

ನನ್ನ ಊರು ಯಮಕನಮರಡಿ. ಅಪ್ಪ ಹೆದ್ದಾರಿಯ ಬಾಜೂ ಕೂತು ಲಾರಿಗಳ ಮೇಲೆ ಅಕ್ಷರ ಬರೆಯುತ್ತಿದ್ದ. ಅವನ ಹಿರಿಯರು ಗೋಕಾಕದಲ್ಲಿ ಆಟಿಗೆ ಮಾಡುತ್ತಿದ್ದವರು. ಅಪ್ಪ ಹಣ್ಣು ಬಿಟ್ಟು ಲಾರಿ ಹಿಡಿದಿದ್ದ, ಬ್ರಶ್ಶು ಬಿಟ್ಟಿರಲಿಲ್ಲ. ಕನ್ನಡ ಬರೆಯುತ್ತಿದ್ದ, ಮರಾಠಿ ಬರೆಯುತ್ತಿದ್ದ, ಇಂಗ್ಲಿಷನ್ನಂತೂ ಎಲ್ಲಕ್ಕಿಂತ ಚೆಂದ ಬರೆಯುತ್ತಿದ್ದ. ಅದರಲ್ಲಿ ಒಂದಕ್ಷರವೂ ಅವನಿಗೆ ಓದಲು ಬರುತ್ತಿರಲಿಲ್ಲ. "ಓದಾಕ ಬಂದ್ರ ಕೈ ನಡಗತೈತಿ" ಎನ್ನುತ್ತಿದ್ದ. ನಾನು ಇಂಗ್ಲಿಷಿನ ಹೆಚ್ ಅಕ್ಷರವನ್ನು ಕಲಿತದ್ದು ಹಾರ್ನ್ ಪ್ಲೀಸ್ ಎಂಬುದರಿಂದ. ಸಾಲೆಯಲ್ಲಿ ಮಾಸ್ತರರು ಹೆಚ್ ಅಂದರೆ ಹೆನ್ ಎಂದಾಗ, ಕೋಳಿ ಹಾರ್ನ್ ಹೊಡೆಯುವುದು ಯಾವಾಗ ಎಂದು ನನಗೆ ಬಹಳ ದಿನ ತಿಳಿದಿರಲಿಲ್ಲ.

ಅವ್ವನದು ಇನ್ನೊಂದು ತರಹ. ಅವಳ ಬಾಯಲ್ಲಿ ಹೌದು ಎಂಬುದಾಗಲಿ ಅಲ್ಲ ಎಂಬುದಾಗಲಿ ಬಂದದ್ದೇ ಇಲ್ಲ. ಬಾಜೂ ಮನೆಯವರು ಬಸುರಿ ಸೊಸೆಯ ಕುಬಸಕ್ಕೆ ಕರೆದರೆ "ನೋಡೂಣು." ಸಂತೆಗೆ ಹೋಗುತ್ತೀಯಾ ಅಂದರೆ "ಹೋದೇನು." ಅನ್ನ ಬೆಂದಿದೆಯಾ ಅಂದರೆ "ಬೆಂದಿರಬೇಕು." ಅನ್ನ ಅವಳ ಎದುರೇ ಒಲೆಯ ಮೇಲೆ ಇರುತ್ತಿತ್ತು! ನಾವು ಅವಳ ದನಿಯ ಏರಿಳಿತ ಕೇಳಿ, ಮುಖ ನೋಡಿ, ಉತ್ತರ ಇಂಥದ್ದೆಂದು ಅಂದಾಜು ಕಟ್ಟಬೇಕು. ಹೀಗೆ ಓದಲು ಬಾರದ ಅಕ್ಷರಗಳ ಮತ್ತು ಗಟ್ಟಿಯಾಗದ ಉತ್ತರಗಳ ನಡುವೆ ಬೆಳೆದ ನನಗೆ, ಬೆಳಗಾವಿಯ ಕಾಲೇಜಿನಲ್ಲಿ ಇಂಗ್ಲಿಷು ತಲೆಗೆ ಹತ್ತಿದಾಗ ಸ್ವರ್ಗ ಸಿಕ್ಕಂತಾಯಿತು. ಸಂಶಯದ ಒಂದೊಂದು ಮೆಟ್ಟಿಲಿಗೂ ಅಲ್ಲಿ ಒಂದೊಂದು ಶಬ್ದ! ಆಗಬಹುದು ಎಂಬುದು ಗಟ್ಟಿಯಾಗಿದ್ದರೆ ಪ್ರಾಬಬ್ಲಿ, ತೆಳ್ಳಗಿದ್ದರೆ ಪಾಸಿಬ್ಲಿ, ಯಾವ ಕಡೆಗೂ ಇಲ್ಲದಿದ್ದರೆ ಪರ್‌ಹ್ಯಾಪ್ಸ್. ಇಲ್ಲವೆಂದು ಮನಸ್ಸು ವಾಲಿದರೆ ಡೌಟ್. ಇದೆಯೆಂದು ವಾಲಿದರೆ ಸಸ್ಪೆಕ್ಟ್. ಬಸ್ಸು ಬರುತ್ತದೆ ಎಂಬುದನ್ನು ನಾನು ಡೌಟ್ ಮಾಡುತ್ತೇನೆ ಅಂದರೆ ಬಸ್ಸು ಬರಲಿಕ್ಕಿಲ್ಲ. ಬಸ್ಸು ಸಂಕೇಶ್ವರದಲ್ಲಿ ಕೆಟ್ಟು ನಿಂತಿದೆ ಎಂದು ಸಸ್ಪೆಕ್ಟ್ ಮಾಡುತ್ತೇನೆ ಅಂದರೆ ಅದು ಕೆಟ್ಟೇ ನಿಂತಿರಬೇಕು. ಅವ್ವನಿಗೆ ಇಷ್ಟು ಇಂಗ್ಲಿಷ್ ಬಂದಿದ್ದರೆ ನಮ್ಮ ಬಾಲ್ಯ ಎಷ್ಟು ಸುಸೂತ್ರವಾಗಿರುತ್ತಿತ್ತು ಎಂದುಕೊಳ್ಳುತ್ತಿದ್ದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಮಾಸ್ತರಿಕೆ ಸಿಕ್ಕಿತು. ಸಿಕ್ಕ ವಾರದಲ್ಲೇ ಕರಿಹಲಗೆಯ ಮೇಲೆ ಈ ಸಂಶಯದ ಮೆಟ್ಟಿಲು ಬರೆದೆ. ಹಿಂದಿನ ಬೆಂಚಿನಿಂದ ಭೀಮಪ್ಪ ಎದ್ದು ನಿಂತ. ಕುರಿ ಕಾಯುವವರ ಮನೆಯ ಹುಡುಗ, ನನಗಿಂತ ಒಂದು ಗೇಣು ಎತ್ತರ.

"ಸರ್, ನಮ್ಮಪ್ಪ ಮ್ವಾಡ ನೋಡಿ ಮಳಿ ಬಂದೀತು ಅಂತಾನ್ರಿ. ಅದು ಇದರಾಗ ಯಾವ ಮೆಟ್ಟಲರಿ?"

"ಪರ್‌ಹ್ಯಾಪ್ಸ್" ಎಂದೆ.

"ಅಂದ್ರ ಕಂಬಳಿ ತಗೊಂಡ ಹೋಗಬೇಕೇನ್ರಿ, ಮನಿಯಾಗ ಬಿಡಬೇಕೇನ್ರಿ?"

ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ, ಬೆಳಕು ಬಂತು. ನಾನು ಪುಸ್ತಕದಿಂದ ಹೇಳಿದ್ದು ಯಾರ ತಲೆಗೂ ಹತ್ತಿರಲಿಲ್ಲ. ಕಂಬಳಿಯಿಂದ ಹೇಳಿದೆ, ಹತ್ತಿತು. ಕಂಬಳಿ ಹೊದ್ದುಕೊಂಡೇ ಹೊರಟರೆ ಪ್ರಾಬಬ್ಲಿ. ಮಡಚಿ ಹೆಗಲ ಮೇಲೆ ಹಾಕಿಕೊಂಡರೆ ಪರ್‌ಹ್ಯಾಪ್ಸ್. ಮನೆಯಲ್ಲೇ ಬಿಟ್ಟರೆ ಪಾಸಿಬ್ಲಿ. ಆ ವರ್ಷ ನನ್ನ ಕ್ಲಾಸಿನಲ್ಲಿ ಈ ಮೂರು ಶಬ್ದಗಳಲ್ಲಿ ಯಾರೂ ತಪ್ಪಲಿಲ್ಲ. ಶ್ರೇಯಸ್ಸನ್ನು ಮಾತ್ರ ನಾನೊಬ್ಬನೇ ತೆಗೆದುಕೊಂಡೆ. ಹುಕ್ಕೇರಿಯ ಗುಮ್ಮಟದ ಪಾರಿವಾಳಗಳಿಗೂ ನನ್ನ ಜಾಣತನ ಗೊತ್ತಾಗಿರಬೇಕು ಎಂಬ ಗತ್ತಿನಲ್ಲಿ ತಿರುಗುತ್ತಿದ್ದೆ.

ಇಂಥ ಗತ್ತಿನಲ್ಲಿ ಇರುವಾಗಲೇ ಅಪ್ಪ ನನ್ನನ್ನು ಹೆಣ್ಣು ನೋಡಲು ಗೋಕಾಕಕ್ಕೆ ಕರೆದುಕೊಂಡು ಹೋದ.

ಆಟಿಗೆ ಮಾಡುವವರ ಓಣಿ. ಪ್ರತಿ ಕಟ್ಟೆಯ ಮೇಲೂ ಹಣ್ಣುಗಳು ಬಣ್ಣ ಆರಲು ಸಾಲಾಗಿ ಕೂತಿದ್ದವು. ನಾನು ಅವನ್ನೆಲ್ಲ ನೋಡುತ್ತಲೇ ಹೋದೆ. ಈ ಮಾತನ್ನು ದಯವಿಟ್ಟು ನೆನಪಿಡಿ. ಕಣ್ಣಿದ್ದೂ ಕುರುಡಾಗುವುದರಲ್ಲಿ ಮಾಸ್ತರರನ್ನು ಮೀರಿಸುವವರಿಲ್ಲ.

ಒಳಗೆ ಕೂರಲು ದಪ್ಪ ಗುಡಾರ ಹಾಸಿದ್ದರು. ಹುಡುಗಿಯ ಅಪ್ಪ ಇದ್ದರು, ಕಂಬಕ್ಕೆ ಒರಗಿ ಅವಳ ಆಯಿ, ಅಂದರೆ ಅಜ್ಜಿ, ಕೂತಿದ್ದಳು. ಆಯಿಯ ಕಣ್ಣು ಮಾತ್ರ ಎಲ್ಲೂ ಒರಗಿರಲಿಲ್ಲ, ನನ್ನ ಮೇಲೇ ನೆಟ್ಟಿತ್ತು. ಕಸ್ತೂರಿ ಹಣ್ಣಿನ ತಾಟು ತಂದು ನನ್ನ ಮುಂದಿಟ್ಟು ಆಯಿಯ ಮಗ್ಗುಲಲ್ಲಿ ಕೂತಳು. ಬಾಳೆಹಣ್ಣು, ಎರಡು ಕಿತ್ತಳೆ, ಮೂರು ಪೇರಲ. ಅವಳ ಮುಂಗೈ ಮೇಲೆ ಒಂದು ಎಳೆ ಹಳದಿ ಬಣ್ಣ ತೊಳೆಯದೆ ಉಳಿದಿತ್ತು. ರೇಷ್ಮೆ ಸೀರೆ, ಹೂವು, ಎಲ್ಲ ಇದ್ದವು. ನನಗೆ ಹಿಡಿಸಿದ್ದು ಆ ಹಳದಿ ಗೆರೆ.

ಅವಳ ಅಪ್ಪ ಮಾತು ತೆಗೆದರು. "ಮಾಸ್ತರ್ರ, ಸಾಲಿಯೊಳಗ ಏನ ಕಲಸ್ತೀರಿ?"

ಇಂಗ್ಲಿಷ್ ಎಂದು ಒಂದು ಶಬ್ದ ಹೇಳಿದ್ದರೆ ಸಾಕಿತ್ತು. ನಾನು ಡೌಟು, ಸಸ್ಪೆಕ್ಟು ಹೇಳಲು ಶುರು ಮಾಡಿದೆ. ಕಂಬಳಿ ತಂದೆ, ಬಸ್ಸು ತಂದೆ, ಕೈ ಬೀಸಿದೆ. ಆಯಿ ತಲೆದೂಗಿದಳು. ಅವಳಿಗೆ ತಿಳಿಯಿತೆಂದು ನಾನು ಹಿಗ್ಗಿದೆ. ನನ್ನ ಅಪ್ಪ ಗೋಡೆಯ ಕಡೆಗೆ ಮುಖ ಮಾಡಿದ್ದ. ಮಾತು ಮುಗಿದಾಗ ಎಲ್ಲರೂ "ಹೌದ್ರಿ, ಹೌದ್ರಿ" ಎಂದರು. ಒಬ್ಬಳು ಮಾತ್ರ ಅನ್ನಲಿಲ್ಲ. ನೋಡಲು ಬಂದ ವರನಿಗೆ ಹುಡುಗಿ ಪ್ರಶ್ನೆ ಕೇಳುವ ಕಾಲ ಅದಲ್ಲ. ಕಸ್ತೂರಿ ಕೇಳಿದಳು.

"ಹೂಂ ಅಂತನೂ ಅನಸೂದಿಲ್ಲ, ಉಹೂಂ ಅಂತನೂ ಅನಸೂದಿಲ್ಲ ಅಂದ್ರ ಆವಾಗೇನ್ರಿ? ಆವಾಗ ಏನ ಮಾಡಬೇಕು?"

ಕರಿಹಲಗೆಯ ಮೇಲೆ ದಿನಾ ಬರೆಯುತ್ತಿದ್ದ ಪರ್‌ಹ್ಯಾಪ್ಸ್ ನನ್ನ ತಲೆಯಿಂದ ಎಲ್ಲಿಗೋ ಹೋಯಿತು. ಅದು ನೆನಪಾಗಿದ್ದರೂ ಉತ್ತರ ಆಗುತ್ತಿರಲಿಲ್ಲ. ಅವಳು ಕೇಳಿದ್ದು ಏನನ್ನಬೇಕು ಎಂದಲ್ಲ, ಏನು ಮಾಡಬೇಕು ಎಂದು. ಆ ಪ್ರಶ್ನೆಗೆ ನಾನು ಸೋತೆ, ಅವಳಿಗೂ ಸೋತೆ. ಎರಡೂ ಒಂದೇ ನಿಮಿಷದಲ್ಲಿ ಆಗಿಹೋದವು. ಸೋಲು ಮುಚ್ಚಿಕೊಳ್ಳಲು ಕೈಗೆ ಸಿಕ್ಕ ಪೇರಲ ಎತ್ತಿಕೊಂಡೆ. "ಈಗ ನೋಡ್ರಿ, ಈ ಹಣ್ಣು ಐತಿ..." ಎಂದು ಉದಾಹರಣೆ ಶುರು ಮಾಡಿದೆ. ಹಣ್ಣು ಯಾಕೋ ಹಗುರ ಎನಿಸಿತು. ಕೈ ಸಸ್ಪೆಕ್ಟ್ ಮಾಡಿತು, ಬಾಯಿ ಮಾಡಲಿಲ್ಲ. ಉದಾಹರಣೆ ಮುಂದೆ ಹೋಗದ್ದರಿಂದ ಕಚ್ಚಿಬಿಟ್ಟೆ.

ಹಲ್ಲು ಒಳಗೆ ಇಳಿಯಲಿಲ್ಲ. ಆಗಲಾದರೂ ನಿಲ್ಲಿಸಬೇಕಿತ್ತೋ ಇಲ್ಲವೋ? ನಮ್ಮ ಕಡೆಯ ಮರ್ಯಾದೆ ನಿಮಗೆ ಗೊತ್ತಿದೆ. ಬೀಗರಾಗಬಹುದಾದವರ ಮನೆಯ ಹಣ್ಣು ಗಟ್ಟಿಯಾಗಿದೆ ಎಂದು ಕೆಳಗಿಟ್ಟರೆ ಅವರಿಗೆ ಅವಮಾನ. ಆದ್ದರಿಂದ ಇನ್ನಷ್ಟು ಜೋರಾಗಿ ಕಚ್ಚಿದೆ. ಕಟ್ ಎಂದು ಸಪ್ಪಳವಾಯಿತು. ಬಾಯಿಂದ ಹಣ್ಣು ತೆಗೆದು, ಮುಖದ ಮೇಲೆ ಇದ್ದಬದ್ದ ಸಂತೋಷ ತಂದುಕೊಂಡು ಹೇಳಿದೆ.

"ಹಣ್ಣ ಚಲೋ ಐತ್ರಿ. ಸ್ವಲ್ಪ ದ್ವಾರಗಾಯಿ ಐತಿ, ಪೂರಾ ಹಣ್ಣಾಗಿಲ್ಲ, ಅಷ್ಟ."

ಮೊದಲು ಆಯಿಯ ಹೆಗಲು ಅಲುಗಿತು. ಆಮೇಲೆ ಸೆರಗು ಬಾಯಿಗೆ ಹೋಯಿತು. ಕಸ್ತೂರಿಯ ಅಪ್ಪ "ಅಯ್ಯಯ್ಯ, ನೀರ ತರ್ರಿ, ನೀರ" ಎಂದು ತಾವೇ ಎದ್ದು ಓಡಿದರು. ಕಸ್ತೂರಿ ಮಾತ್ರ ನಗಲಿಲ್ಲ. ಎದ್ದು ಬಂದು, ನನ್ನ ಕೈಯಲ್ಲಿದ್ದ ಪೇರಲ ತೆಗೆದುಕೊಂಡು, ಹಲ್ಲು ನಟ್ಟಲ್ಲಿ ಬೆರಳಾಡಿಸಿ ನೋಡಿ, ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಆ ಹಣ್ಣಿಗೆ ಬಣ್ಣ ಹಚ್ಚಿದವಳು ಅವಳೇ ಎಂಬುದು, ಮುಂಗೈಯ ಆ ಹಳದಿ ಗೆರೆ ನೆನಪಾಗಿ, ನನಗೆ ಹೊಳೆದದ್ದು ಅವಳ ಬೆನ್ನು ನೋಡಿದಾಗ. ಅವಳು ದಿನಗಟ್ಟಲೆ ಕೂತು ಮಾಡಿದ ಕೆಲಸವನ್ನು ನಾನು ನಾಯಿ ಚಪ್ಪಲಿ ಕಚ್ಚಿದ ಹಾಗೆ ಕಚ್ಚಿದ್ದೆ.

ತಿರುಗಿ ಬರುವ ಬಸ್ಸಿನಲ್ಲಿ ಅಪ್ಪ ಘಟಪ್ರಭೆ ದಾಟಿದ ಮೇಲೆ ನನ್ನ ಮುಖ ನೋಡಿ ಹೇಳಿದ. "ಬಾಯಿ ಒರಸ್ಕೋ. ತುಟಿ ಹಳದಿ ಆಗೇತಿ. ಬಣ್ಣ ಚಲೋದು ಹಾಕ್ಯಾರ."

"ನಿನಗ ಮೊದಲ ಗೊತ್ತಿತ್ತೇನ?"

"ಗೊತ್ತಿಲ್ಲದ ಏನ? ಆ ಓಣಿಯಾಗ ವರ ಬಂದ್ರ ತಾಟಿನ್ಯಾಗ ಒಂದ ಕಟ್ಟಿಗಿ ಹಣ್ಣ ಇಡೂದು ಪದ್ಧತಿ. ಹುಡುಗಿ ಬಣ್ಣ ಹಚ್ಚಿದ್ದು. ಅಂವಾ ಏನ ಮಾಡ್ತಾನ ಅಂತ ನೋಡ್ತಾರ."

"ಏನ ಮಾಡಬೇಕು ಮತ್ತ?"

"ನನಗೇನ ಗೊತ್ತು? ನಿಮ್ಮವ್ವನ್ನ ನೋಡೂಕ್ಕಿಂತ ಮೊದಲ ಅದ ಓಣಿಗೆ ನಾನೂ ಹೋಗಿದ್ನಿ. ಬೆರಳಿಲೆ ಬಡದ ನೋಡಿ, ಇದು ಕಟ್ಟಿಗೀದು ಅಂದ್ನಿ. ಬ್ಯಾಡಂದ್ರು. ಇನ್ನ ಕಚ್ಚಿದವರನ್ನ ನಾ ಇವತ್ತ ನೋಡಾಕತ್ತೇನಿ. ಅದಕ್ಕೇನಂತಾರೋ!"

ಮೂರು ವಾರ ಅವರು ಏನೂ ಅನ್ನಲಿಲ್ಲ. ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರರು ದಿನಾ ಕೇಳುತ್ತಿದ್ದರು. "ಏನಾತ್ರಿ ಗೋಕಾಕದ್ದು?" ಮೊದಲ ವಾರ ಪ್ರಾಬಬ್ಲಿ ಎಂದೆ. ಎರಡನೆಯ ವಾರ ಪರ್‌ಹ್ಯಾಪ್ಸ್‌ಗೆ ಇಳಿದೆ. ಮೂರನೆಯ ವಾರ ಪಾಸಿಬ್ಲಿ ಅನ್ನುವಾಗ ಭೀಮಪ್ಪನ ಮನೆಯಲ್ಲೇ ಬಿಟ್ಟ ಕಂಬಳಿ ನೆನಪಾಯಿತು. ಮೆಟ್ಟಿಲುಗಳನ್ನು ಕರಿಹಲಗೆಯ ಮೇಲೆ ಬರೆಯುವುದು ಸುಲಭ. ಒಂದೊಂದಾಗಿ ಇಳಿಯುವುದು ಬೇರೆ ಮಾತು. ಆ ಹುಡುಗಿ ನನಗೆ ಬೇಕಾಗಿದ್ದಳು. ಇದನ್ನು ಹೇಳಲು ಯಾವ ಭಾಷೆಯ ಸಂಶಯದ ಶಬ್ದವೂ ಬೇಕಾಗಿರಲಿಲ್ಲ.

ಒಂದು ಭಾನುವಾರ ನಾನು ಊರಲ್ಲಿದ್ದಾಗ ಬಸ್ಸಿನ ಕಂಡಕ್ಟರ್ ಗೋಕಾಕದಿಂದ ಒಂದು ಸಣ್ಣ ಗಂಟು ತಂದುಕೊಟ್ಟು ಹೋದ. ಪತ್ರವಿರಲಿಲ್ಲ. ಬಿಚ್ಚಿದರೆ ಅದೇ ಪೇರಲ.

ಅವ್ವ ತನ್ನ ಜೀವನದಲ್ಲಿ ಮೊದಲ ಸಲ ಸಂಶಯವಿಲ್ಲದೆ ಮಾತಾಡಿದಳು. "ಕಚ್ಚಿದ್ದನ್ನ ತಿರಗಿ ಕಳಿಸ್ಯಾರ. ಬ್ಯಾಡಂದ್ರು."

ನನಗೂ ಹಾಗೇ ಅನಿಸಿತು. ಎದ್ದು ಒಳಗೆ ಹೋಗುವವನಿದ್ದೆ. ಅಪ್ಪ ಹಣ್ಣನ್ನು ಬೆಳಕಿಗೆ ಹಿಡಿದು ತಿರುಗಿಸಿದ. ನನ್ನ ಹಲ್ಲು ನಟ್ಟ ಜಾಗವನ್ನು ಅವಳು ಮುಚ್ಚಿರಲಿಲ್ಲ. ಬಣ್ಣ ಕಿತ್ತು ಬಿಳಿ ಕಟ್ಟಿಗೆ ಕಾಣುತ್ತಿದ್ದಲ್ಲಿ ತಿಳಿಗುಲಾಬಿ ತಿರುಳು ಬರೆದಿದ್ದಳು. ತಿರುಳಿನಲ್ಲಿ ಪೇರಲದ ಬೀಜ, ಸಾಸಿವೆಗಿಂತ ಸಣ್ಣವು, ಒಂದೊಂದನ್ನೂ ಬಿಡಿಬಿಡಿಯಾಗಿ ಬರೆದಿದ್ದಳು. ಹಲ್ಲಿನ ಗುರುತು ಹಾಗೇ ಇತ್ತು. ನಿಜವಾದ ಹಣ್ಣನ್ನು ಈಗಷ್ಟೇ ಯಾರೋ ಕಚ್ಚಿ ಇಟ್ಟಂತೆ ಕಾಣುತ್ತಿತ್ತು.

"ಬ್ಯಾಡಂದವರು ಕುಂತ ಬೀಜ ಬರೀತಾರೇನ?" ಎಂದ ಅಪ್ಪ. ಆಮೇಲೆ ಬೆರಳ ಗೆಣ್ಣಿನಿಂದ ಹಣ್ಣನ್ನು ಮೆಲ್ಲಗೆ ಬಡಿದು ನೋಡಿದ. "ಕಟ್ಟಿಗೀದು, ಖರೆ. ಆದರ ಈಗ ಹಣ್ಣಾತು ನೋಡ."

ಮುಂದೆ ಲಗ್ನವಾಯಿತು. ಅಕ್ಷತೆ ಬಿದ್ದ ಮೇಲೆ ಆಯಿ ನನ್ನನ್ನು ಹತ್ತಿರ ಕೂಡಿಸಿಕೊಂಡು ಗುಟ್ಟು ಬಿಟ್ಟುಕೊಟ್ಟಳು. "ಮೂರ ಮಂದಿ ಬಂದಿದ್ರಪಾ ನಿನಗಿಂತ ಮೊದಲ. ಮೂವರೂ ಬಡದ ನೋಡಿದ್ರು. ಅಂಥಾವರಿಗೆ ಹುಡುಗೀನ ಕೊಟ್ರ, ಸಾರಿಗೆ ಉಪ್ಪ ಬಿತ್ತೋ ಇಲ್ಲೋ, ಆಡಿದ ಮಾತ ಖರೆಯೋ ಸುಳ್ಳೋ ಅಂತ ದಿನಾ ಬಡದ ನೋಡ್ತಾರ. ನೀ ಒಬ್ಬಾಂವ ನಂಬಿ ಕಚ್ಚಿದಿ. ಅದೂ ಎರಡ ಸಲ!" ಸಂಶಯದ ಮೇಲೆ ಅಷ್ಟು ಹೊತ್ತು ಭಾಷಣ ಮಾಡಿದವನನ್ನು ಸಂಶಯವೇ ಇಲ್ಲದವನೆಂದು ಆರಿಸಿದ್ದರು.

ನನ್ನ ಸಂಶಯ ಶುರುವಾದದ್ದು ಅಲ್ಲಿಂದ. ನನ್ನನ್ನು ಆರಿಸಿದ್ದು ಆಯಿಯ ಪರೀಕ್ಷೆ. ಕಸ್ತೂರಿ? ಅವಳಿಗೆ ನಾನು ಬೇಕಾಗಿದ್ದೆನೋ, ಇಲ್ಲ ಆಯಿ ಹೂಂ ಅಂದಳೆಂದು ಬ್ರಶ್ಶು ಎತ್ತಿಕೊಂಡಳೋ? ಮದುವೆಯಾದ ವರ್ಷ ಕೇಳಿದೆ. "ಏನ ಬಿಡ್ರಿ, ಅದನ್ನೇನ ಕೇಳ್ತೀರಿ" ಎಂದಳು. ಮಗ ಹುಟ್ಟಿದ ಮೇಲೆ ಕೇಳಿದೆ. "ಇದ್ದೀತು" ಎಂದಳು. ಅವ್ವನ ಸೊಸೆ ಎಂಬುದು ಅಂದು ನನಗೆ ಪಕ್ಕಾ ಆಯಿತು. ಮೂಡಲಗಿಗೆ ವರ್ಗವಾದಾಗ ಕೇಳಿದೆ, ರಿಟಾಯರ್ ಆದ ದಿನ ಹಾರ ತೆಗೆಯುತ್ತ ಕೇಳಿದೆ. ಅವಳು ನಗುತ್ತಾಳೆ, ಉತ್ತರ ಕೊಡುವುದಿಲ್ಲ. ನಾನು ತಡವಾಗಿ ಬಂದ ದಿನವೂ ಊಟ ಮಾಡದೆ ಕಾದು ಕೂತಿದ್ದರೆ, ಅವಳಿಗೆ ನಾನು ಬೇಕಾಗಿದ್ದೆ ಎಂದು ಸಸ್ಪೆಕ್ಟ್ ಮಾಡುತ್ತಿದ್ದೆ. ಸಿಟ್ಟಿನಲ್ಲಿ ತಾಟು ಕುಕ್ಕಿದ ದಿನ ಡೌಟ್ ಮಾಡುತ್ತಿದ್ದೆ. ಅವಳಿಗೂ ಆ ಎರಡು ಶಬ್ದ ಬಾಯಿಪಾಠ. ನಾನು ಸುಮ್ಮನೆ ಕೂತದ್ದು ಕಂಡರೆ "ಇವತ್ತ ಯಾವುದ್ರಿ, ಡೌಟೋ ಸಸ್ಪೆಕ್ಟೋ?" ಎನ್ನುತ್ತಾಳೆ. ನಗೆಯ ಮಾತೇ. ಆದರೂ ಹೇಳಿಬಿಡುತ್ತೇನೆ, ಅಷ್ಟು ವರ್ಷದಲ್ಲಿ ಅದು ನನ್ನನ್ನು ನೋಯಿಸದ ದಿನಗಳು ಕಡಿಮೆ.

ಇಷ್ಟನ್ನೂ ಮೊಮ್ಮಗಳಿಗೆ ಹೇಳುವ ಹೊತ್ತಿಗೆ ಅವಳು ಪುಸ್ತಕ ಮುಚ್ಚಿಟ್ಟಿದ್ದಳು. ಹುಡುಗಿ ಎದ್ದು ಹೋಗಿ ಅಜ್ಜಿಯ ಮಗ್ಗುಲಲ್ಲಿ ಕೂತು ನೆಟ್ಟಗೆ ಕೇಳಿದಳು.

"ಅಜ್ಜೀ, ಅಜ್ಜ ಬಡದ ನೋಡಿದ್ರ ನೀ ಬ್ಯಾಡಂತಿದ್ದೇನ?"

ಕಸ್ತೂರಿ ಅವರೆಕಾಯಿ ಸುಲಿಯುತ್ತಲೇ ಇದ್ದಳು. ಅವಳ ಕಣ್ಣಿಗೆ ಈಗ ಪೊರೆ ಬಂದಿದೆ, ಬೆರಳೇ ನೋಡಬೇಕು.

"ಬಡದ ನೋಡಿದ್ರ ಬ್ಯಾಡನ್ನಾಕಿ ನಾ ಅಲ್ಲವಾ, ಅದು ನಮ್ಮ ಆಯಿ. ಆದರ ಇವರು ಬಡೀಲಿಲ್ಲ. ಕಚ್ಚಾಕ ಬಾಯಿ ತಗದ್ರು. ನಾನೂ ಬಾಯಿ ತಗದ್ನಿ, ಕಟ್ಟಿಗೀದರಿ, ಕಚ್ಚಬ್ಯಾಡ್ರಿ ಅನ್ನಾಕ. ಆಯಿ ತೊಡಿ ಹಿಡದ ಚಿವುಟಿದಳು ನೋಡು, ನಾಕ ದಿನ ಕರ್ರಗಾಗಿತ್ತು."

"ನೀ ಹೇಳಿಬಿಟ್ಟಿದ್ರ?"

"ಆಯಿ ಪರೀಕ್ಷಾ ಕೆಡತಿತ್ತು. ಲಗ್ನ ಕೆಡತಿತ್ತೋ ಏನೋ. ಅದೆಲ್ಲಾ ಗೊತ್ತಿತ್ತು ನನಗ. ಆದ್ರೂ ತಡೀಲಿಲ್ಲವಾ. ಅಷ್ಟ ಕೈ ಮಾಡಿ ಅಷ್ಟ ಚಂದ ಮಾತಾಡ್ತಾರ, ಇವರ ಹಲ್ಲ ಮುರದಗಿರದೀತು ಅಂತ ಜೀಂವಾ ಚುರ್ ಅಂತು."

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಒರೆಸಿದ್ದು ಕನ್ನಡಕವನ್ನೇ ಎಂದು ನಂಬುವವರು ನಂಬಲಿ.

"ಇಷ್ಟ ವರ್ಷ ಕೇಳಿದ್ನಲ್ಲಾ, ಕಸ್ತೂರಿ. ಒಮ್ಮಿ ಹೇಳಬಾರದಾಗಿತ್ತೇನ?"

ಅವಳು ಸಿಪ್ಪೆಯನ್ನು ಮೊರದ ಒಂದು ಬದಿಗೆ ಸರಿಸಿದಳು.

"ಹೇಳಿದ್ರ ನೀವು ಕೇಳೂದ ಬಿಡತಿದ್ರಿ."